ಇನ್ನೊಂದು ಬಾರಿ

ಇಪ್ಪತ್ತೇಳು ವರ್ಷ ಭೂಗೋಳ ಹೇಳಿಕೊಟ್ಟೆ,
ಓಜುರ್ಗೆತಿಯಿಂದಾಚೆ, ಚಹಾತೋಟ ಕಾಡಾಗಿ ಹೋದ ಹಳ್ಳಿಯಲ್ಲಿ.
ಕೋಲಿನ ತುದಿಯಿಂದ ನಕಾಶೆ ಮುಟ್ಟಿ:
ಇಗೋ ನೋಡಿ, ಬೂಟಿನಂಥ ದೇಶ,
ಇದು ಅದರ ಹಿಮ್ಮಡಿ.
ಮುಟ್ಟಿ ಮುಟ್ಟಿ ಅಲ್ಲಿನ ಬಣ್ಣವೇ ಹೋಗಿ
ಕೆಳಗಿನ ಬಿಳಿ ಬಟ್ಟೆ ಕಾಣುತ್ತಿತ್ತು.

ಆ ಬಿಳಿಯೊಳಗೆ ಈಗ ನಾನಿದ್ದೇನೆ.
ಊರ ಹೆಸರು ಬಾರಿ.
ಮೂರನೇ ಮಹಡಿ, ಲಿಫ್ಟಿಲ್ಲ.

ಶಾಲೆಗೆ ಕೊನೆಗುಳಿದದ್ದು ನಾಲ್ಕು ಮಕ್ಕಳು,
ಅದರಲ್ಲಿಬ್ಬರು ಅವಳಿ.
ಬೀಗ ಬಿದ್ದ ದಿನ ಸೀಮೆಸುಣ್ಣದ ಡಬ್ಬಿಯೊಂದನ್ನು
ಕೋಟಿನೊಳಗಿಟ್ಟುಕೊಂಡು ಬಂದೆ, ಯಾಕೋ.
ಐವತ್ತಮೂರಕ್ಕೆ ಯಾರಾದರೂ ಹೊಸದಾಗಿ ಬದುಕು ಹೂಡುತ್ತಾರೆಯೇ,
ಅಂದಳು ನಾದಿನಿ.
ಮುದುಕರನ್ನು ಎತ್ತಿ ಕೂರಿಸಲು
ಅದೇ ಹದವಾದ ವಯಸ್ಸು, ಅಂದ ಏಜೆಂಟು.

ಭಾಷೆ ಬಂದದ್ದು ಪುಸ್ತಕದಿಂದಲ್ಲ.
ಮೊದಲು ಕಲಿತ ಮಾತು: ನೋಯುತ್ತೆ.
ಆಮೇಲೆ: ಹೊರಳು. ಬಾಯಿ ತೆಗೆ. ಅಲ್ಲಲ್ಲ, ಸ್ವಲ್ಪ ಕೆಳಗೆ.
ಒದ್ದೆಯಾಗಿದೆ.
ಆಕಾಶಕ್ಕೆ ಏನೆನ್ನುತ್ತಾರೆಂದು ತಿಳಿಯುವ ಹೊತ್ತಿಗೆ
ಸೊಂಟದ ನೋವಿಗೆ ನಾಲ್ಕು ಹೆಸರು ಬರುತ್ತಿತ್ತು ನನಗೆ.

ಅದ್ದೊಲೊರಾತಾ, ತೊಂಬತ್ತೊಂದು.
ಅವಳು ಮರೆಯುತ್ತ ಇಳಿಯುತ್ತಿದ್ದಳು,
ನಾನು ಕಲಿಯುತ್ತ ಹತ್ತುತ್ತಿದ್ದೆ,
ಒಂದೇ ಇಕ್ಕಟ್ಟಿನ ಮೆಟ್ಟಿಲು.
ಶಾಲೆಯಲ್ಲಿ ಕಲಿಸಿದ ನಾಜೂಕು ನುಡಿ ಮೊದಲು ಉದುರಿತು.
ಅಡಿಯಲ್ಲಿ ಉಳಿದದ್ದು ಬಂದರಿನ ಓಣಿಯದು,
ಪದದ ಬಾಲ ನುಂಗುವಂಥದು,
ಅವಳಜ್ಜಿ ಬೈಯುತ್ತಿದ್ದದ್ದು ಅದರಲ್ಲೇ ಇರಬೇಕು.
ನನ್ನ ಹೆಸರಿನ ಬಾಲವನ್ನೂ ನುಂಗಿದಳು:
ನಾನುಲ್, ನೀರು.
ನನಗೇನು ಗೊತ್ತು,
ಅದೇ ಇಟಾಲಿಯನ್ ಅಂದುಕೊಂಡು ಕಲಿತೆ.

ಭಾನುವಾರ ಮಗ ರೊಕ್ಕೊ ಬರುತ್ತಾನೆ,
ರಸೀದಿ ಎಣಿಸುತ್ತಾನೆ,
ತಾಯಿಯ ತುಟಿ ಅಲುಗಿದರೆ ನನ್ನತ್ತ ತಿರುಗುತ್ತಾನೆ:
ಅಮ್ಮ ಏನಂದಳು?

ಗುರುವಾರ ಮಧ್ಯಾಹ್ನ ರಜೆ.
ಸ್ಟೇಷನ್ನಿನ ಹಿಂದೆ ನಮ್ಮ ಕಡೆಯ ವ್ಯಾನು ನಿಲ್ಲುತ್ತದೆ.
ಲಮಾರಾ ಸೇತುವೆ ಕಟ್ಟಿಸಿದವಳು, ತ್ಸಿಯಾಲಾ ಪಿಯಾನೊ ಕಲಿಸಿದವಳು,
ಎಲ್ಲರ ಕೈಗೂ ಈಗ ಒಂದೇ ಸೋಪಿನ ವಾಸನೆ.
ಆಲಿವ್ ಎಣ್ಣೆ ಅತ್ತ ಹೋಗುತ್ತದೆ,
ಹುಳಿಪ್ಲಮ್ಮಿನ ಗೊಜ್ಜು ಇತ್ತ ಬರುತ್ತದೆ
ಹಳೇ ಪೇಪರಿನಲ್ಲಿ ಸುತ್ತಿಕೊಂಡು.
ಗೊಜ್ಜು ಒಂದು ವಾರಕ್ಕೆ ಮುಗಿಯುತ್ತದೆ.
ಪೇಪರು ತಿಂಗಳಾದರೂ ಓದುತ್ತೇನೆ,
ಟ್ರಾಕ್ಟರ್ ಮಾರಾಟಕ್ಕಿದೆ ಎಂಬುದನ್ನೂ.

ಒಂದು ಮಧ್ಯಾಹ್ನ ಮುದುಕಿಯ ಹೆಬ್ಬೆರಳು
ಹೊದಿಕೆಯ ಅಂಚನ್ನು ಒತ್ತಿ ಎಳೆಯತೊಡಗಿತು.
ಒತ್ತಿ, ಎಳೆದು, ಬಿಟ್ಟು. ಮತ್ತೆ.
ಹೊದಿಕೆ ಕೆದಕುವವರು ಹೊರಟು ನಿಂತವರೆಂದು
ನಮ್ಮೂರಲ್ಲಿ ಹೇಳುತ್ತಾರೆ. ಎದೆ ಧಸಕ್ಕೆಂದಿತು.
ಫೋನು ಎತ್ತಿಕೊಂಡವಳು ಬೆರಳನ್ನೇ ನೋಡುತ್ತ ನಿಂತೆ,
ಆಮೇಲೆ ಫೋನಿಟ್ಟು ಹಿಟ್ಟು ಕಲಸಿದೆ.
ಬೆರಳಡಿಗೆ ತುಣುಕು ತುಣುಕಾಗಿ ಇಟ್ಟೆ.
ಪುಟ್ಟ ಪುಟ್ಟ ಕಿವಿಗಳು, ಒಂದೊಂದೇ,
ಈ ಓಣಿಯ ಹೆಂಗಸರು ಹಲಗೆಯ ಮೇಲೆ ಮಾಡುವ ಹಾಗೆಯೇ.
ಹನ್ನೊಂದಾದವು. ಒಂದಕ್ಕೆ ಜೋಡಿಯಿಲ್ಲ.
ಬಂದಾಗಿನಿಂದ ಯಾರ ಮುಂದೂ ಆಡದ್ದನ್ನು
ನನ್ನ ಭಾಷೆಯಲ್ಲಿ ಅವಕ್ಕೆ ಹೇಳಿದೆ.
ಬೇಯಿಸಿ ಇಬ್ಬರೂ ತಿಂದೆವು.
ಉಪ್ಪು ಹೆಚ್ಚಾಗಿತ್ತು.

ಫೆಬ್ರವರಿಯಲ್ಲಿ ಹೋದಳು.
ಶನಿವಾರದೊಳಗೆ ಕೀಲಿ ಕೊಡಿ, ಅಂದ ರೊಕ್ಕೊ,
ಅವಳ ಕಂದು ಕೋಟು ಇಟ್ಟುಕೊಳ್ಳಿ, ಅಂತಲೂ ಅಂದ.
ತೋಳು ಗಿಡ್ಡ.

ಅದೇ ಕೋಟು ಹಾಕಿಕೊಂಡು ಬಂದರಿಗೆ ಹೋದೆ.
ಕಲ್ಲಿಗೆ ಆಕ್ಟೋಪಸ್ ಬಡಿಯುತ್ತಿದ್ದವನ ಮುಂದೆ ನಿಂತು
ಬುಟ್ಟಿಯ ಸಣ್ಣ ಮೀನು ತೋರಿಸಿ, ಅವಳಿಟ್ಟ ಹೆಸರಿನಲ್ಲೇ ಕೇಳಿದೆ.
ಬಡಿಯುವ ಕೈ ನಿಂತಿತು.
ನಮ್ಮಜ್ಜಿ ಸತ್ತ ಮೇಲೆ ಈ ಮಾತೇ ಕೇಳಿರಲಿಲ್ಲ,
ಯಾರ ಮನೆಯವಳು ನೀನು?

ಜೇಬಿನಲ್ಲಿ ಕೀಲಿ ತಣ್ಣಗಿತ್ತು.
ಶನಿವಾರದ ತನಕ ಮೂರನೇ ಮಹಡಿಯವಳು, ಅಂದೆ.
ನಕ್ಕ. ತೂಗಿದ. ಎರಡು ಮೀನು ಮೇಲೆ ಹಾಕಿದ.
ಹೆಸರು?

ನಾನುಲಿ, ಅಂದೆ,
ಬಾಲ ಸಮೇತ.