ಷರಾ ಕಾಲಂ

ವಿರಾಜಪೇಟೆಯ ಸರ್ಕಾರಿ ಆಸ್ಪತ್ರೆಗೆ ಬುಧವಾರವೆಂದರೆ
ಊರ ಸಂತೆಯೂ ಮನೋರೋಗದ ಓಪಿಡಿಯೂ ಒಟ್ಟಿಗೇ.
ಒಣಮೀನಿನ ಚೀಲ ಬೆಂಚಿನಡಿ ತಳ್ಳಿ
ಸಾಲಾಗಿ ಕೂರುತ್ತಾರೆ. ನಾನು ಹೆಸರು ಕರೆಯುತ್ತೇನೆ.
ಹತ್ತೊಂಬತ್ತು ವರ್ಷದಿಂದ ಕರೆಯುತ್ತಿದ್ದೇನೆ.
ಕೆಲವು ಹೆಸರು ನನ್ನ ನಾಲಗೆಯ ಮೇಲೇ ಮುದಿಯಾದವು.

ಫೈಲಿನ ಬಲಗಡೆ ಷರಾ ಕಾಲಂ ಅಂತ ಒಂದಿದೆ,
ಎರಡು ಬೆರಳಗಲ.
ಡಾಕ್ಟರು ಹೇಳುತ್ತಾರೆ, ನಾನು ಬರೆಯುತ್ತೇನೆ:
ಮತ್ತೆ ಕುಡಿದಿದ್ದಾನೆ.
ಮತ್ತೆ ಮಾತ್ರೆ ಬಿಟ್ಟಿದ್ದಾಳೆ.
ಬರೆದು ಬರೆದು 'ಮತ್ತೆ'ಗೆ ಒಂದು ಗುರುತೇ ಮಾಡಿಕೊಂಡೆ,
ಮ ಅಕ್ಷರ, ಸುತ್ತ ಒಂದು ಸೊನ್ನೆ.

ಚಿಣ್ಣಪ್ಪನ ಫೈಲಿನಲ್ಲಿ ಏಳು ಸೊನ್ನೆ.
ಏಳನೆಯ ಸಲ ಜೀಪಿನಲ್ಲಿ ತಂದ ತಮ್ಮಂದಿರು
ಕೋವಿಯನ್ನು ಮಾವನ ಮನೆಯಲ್ಲಿಟ್ಟು ಬಂದಿದ್ದೇವೆ ಅಂದರು.
ಅವನು ಗೋಡೆಯಿಂದ ಇರುವೆ ಹೆಕ್ಕುತ್ತಿದ್ದ.
ಗೋಡೆಯಲ್ಲಿ ಇರುವೆ ಇರಲಿಲ್ಲ.
ಡಾಕ್ಟರ್ ಯಶೋಧರ ಕೆಟ್ಟವರಲ್ಲ,
ರಾತ್ರಿ ಎರಡಕ್ಕೆ ಕರೆದರೂ ಬರುವವರು.
ಚಹಾ ಆರಿಸಿಕೊಳ್ಳುತ್ತ, ನಾಳೆ ಮಂಜು ಬೀಳುತ್ತದೆ ಅನ್ನುವ ಹಾಗೆ,
"ಇವನದು ಇಷ್ಟೇ ಸಿಸ್ಟರ್" ಅಂದರು.
ನಾನು ಬರೆದೆ: ಗುಣವಾಗುವ ಭರವಸೆ ಇಲ್ಲ.
ನನ್ನ ಅಕ್ಷರ ದುಂಡಗೆ, ಎಲ್ಲರೂ ಹೊಗಳುತ್ತಾರೆ.

ಆಮೇಲೆ ಅವನು ಬರಲಿಲ್ಲ.
ಬಾರದವರನ್ನು ನಾವು ಮನಸ್ಸಿನಲ್ಲೇ ಮಣ್ಣು ಮಾಡಿಬಿಡುತ್ತೇವೆ,
ಕೆರೆಯೋ, ಹಗ್ಗವೋ, ಮಾಕುಟ್ಟದ ಯಾವುದೋ ತಿರುವೋ.
ವಾಸಿಯಾಗಿರಬಹುದು ಅಂತ
ಒಬ್ಬರ ಬಗ್ಗೆಯಾದರೂ ಅಂದುಕೊಂಡಿದ್ದೆನೇ?
ನೆನಪಿಲ್ಲ. ಮುಂದಿನ ಹೆಸರು ಕರೆಯಬೇಕಿತ್ತು.

ಮೊನ್ನೆ ಗೋಣಿಕೊಪ್ಪಲಿಗೆ ಮಿಕ್ಸಿ ರಿಪೇರಿಗೆ ಹೋಗಿದ್ದೆ.
ಅಂಗಡಿಯೊಳಗೆ, ಕಳೆ ಕೊಚ್ಚುವ ಮಿಷನ್ನಿನ ಹೊಟ್ಟೆ ಬಿಚ್ಚಿ
ಕೂತಿದ್ದವನು ತಲೆ ಎತ್ತಿದ:
"ಹುಷಾರಾಗಿದ್ದೀರಾ ಫಿಲೋಮಿನಾ ಸಿಸ್ಟರ್?"

ಅದು ನನ್ನ ಮಾತು.
ಮೇಜಿನ ಈಚೆಯಿಂದ ಆಚೆಗೆ ಮಾತ್ರ ಹೋಗಿ ಅಭ್ಯಾಸವಿದ್ದ ಮಾತು.
ಉತ್ತರ ಹೊಳೆಯಲಿಲ್ಲ ನನಗೆ.
ಅವನ ಕೈ ನೋಡಿದೆ. ಕಣ್ಣಿನ ಬಿಳಿ ನೋಡಿದೆ.
ತುಸು ಬಾಗಿ ವಾಸನೆಯನ್ನೂ ಹಿಡಿದೆ, ಗ್ರೀಸು, ಪೆಟ್ರೋಲು.
ಅವನಿಗೆ ತಿಳಿಯಿತು. ನಕ್ಕ. ಹೆಬ್ಬೆರಳ ಉಗುರಿನ ಮೇಲೆ
ಒಂದು ಪುಟ್ಟ ಸ್ಕ್ರೂ ತಲೆಕೆಳಗಾಗಿ ನಿಲ್ಲಿಸಿ
ನನ್ನ ಮುಂದೆ ಕೈ ಚಾಚಿದ.
ಸ್ಕ್ರೂ ಅಲುಗಲಿಲ್ಲ.

"ಎಂಟು ವರ್ಷ" ಅಂದ.
ಹೇಗಾಯಿತು? ಔಷಧಿಯಾ, ಹರಕೆಯಾ, ಹೆಂಡತಿಯಾ?
"ಏಳು ಸಲ ಬಿಟ್ಟಿದ್ದೆನಲ್ಲ ಸಿಸ್ಟರ್,
ಬಿಟ್ಟು ಬಿಟ್ಟು ಅಭ್ಯಾಸವಾಗಿತ್ತು."
ಮದುವೆ ಮನೆಯಲ್ಲಿ ಈಗಲೂ ಗ್ಲಾಸು ಕವುಚಿಟ್ಟು ಕೂರುತ್ತಾನಂತೆ,
ಪಂದಿಕರಿ ಎರಡು ಸಲ ಬಡಿಸಿಕೊಳ್ಳುತ್ತಾನಂತೆ.
ಕೆಲವು ಸಂಜೆ ಇನ್ನೂ ಕಷ್ಟ, ಅಂದ.
ಆಗ ಹಳೇ ಮೋಟಾರು ಬಿಚ್ಚುತ್ತಾನಂತೆ, ಸುಮ್ಮನೆ.

ಕತ್ತರಿಸಿದ ಕಾಫಿ ಗಿಡ ಬೊಡ್ಡೆಯಿಂದ ಚಿಗುರುತ್ತದೆ
ಅಂತ ಇಲ್ಲೊಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ.
ಗಿಡಕ್ಕೆ ಯಾರೂ ಫೈಲು ತೆರೆದಿರಲಿಲ್ಲ.

ಈ ಬುಧವಾರ ಲೈನ್ ಮನೆಯ ಪಾರು ಬಂದಿದ್ದಾಳೆ.
ಅವಳ ಕಿವಿಯೊಳಗೆ ಇನ್ನೂ ಇಬ್ಬರು ಜಗಳವಾಡುತ್ತಾರೆ.
ಮೆಣಸು ಕೊಯ್ಯುವಾಗ ಸುಮ್ಮನಿರಿ ಅಂದರೆ
ಸಂಜೆ ತೂಕ ಮುಗಿಯುವವರೆಗೆ ಸುಮ್ಮನಿರುತ್ತಾರಂತೆ.
ಈ ವಾರ ಎಲ್ಲರಿಗಿಂತ ಹೆಚ್ಚು ಕೊಯ್ದದ್ದು ಅವಳೇ ಅಂತೆ.
"ಮತ್ತೆ ಮಾತ್ರೆ ತಪ್ಪಿಸಿದ್ದಾಳೆ.
ಇವಳದೂ ಇಷ್ಟೇ, ಬರೀರಿ ಸಿಸ್ಟರ್."

ಪೆನ್ನಿನ ಮುಚ್ಚಳ ತೆಗೆದೆ.
ಕೋಟಿನ ಜೇಬಿನಲ್ಲಿ ಮಿಕ್ಸಿಯ ಬಿಲ್ಲಿತ್ತು,
ನೂರ ಇಪ್ಪತ್ತು ರೂಪಾಯಿ.
ಕೆಳಗೆ, ಎರಡು ಬೆರಳಗಲ ಜಾಗದಲ್ಲಿ
ಚಿಣ್ಣಪ್ಪನ ಸೊಟ್ಟ ಅಕ್ಷರ:
ಸರಿಯಾಗಿದೆ. ಮತ್ತೆ ಕೆಟ್ಟರೆ ತನ್ನಿ.