ಮೂರು ಎಂಟು

ಬೋಟು ಬರಲಿಕ್ಕೆ ಇನ್ನೂ ಒಂದು ಗಂಟೆ ಉಂಟು.
ದಕ್ಕೆಯಲ್ಲಿ, ಐಸ್ ಪ್ಲಾಂಟಿನ ಹಿಂದುಗಡೆ,
ಕ್ರೇಟು ಕವುಚಿ ಹಾಕಿ ಮೇಲೊಂದು ಗೋಣಿ ಹಾಸಿ
ಐದು ಜನ ಕೂತಿದ್ದೇವೆ.
ಎಲೆಗಳು ತೇವಕ್ಕೆ ಉಬ್ಬಿವೆ.
ಕಳಾವರ್ ರಾಣಿಯ ಬೆನ್ನಿಗೆ ಒಂದು ಬಂಗುಡೆ ಹುರುಪೆ ಅಂಟಿದೆ.
ಅವಳು ಯಾರ ಕೈಯಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತು,
ಗೊತ್ತಿಲ್ಲದ ಹಾಗೆ ಆಡುತ್ತೇವೆ.

ನನಗೆ ಮೂರು ಎಂಟು ಬಂತು.
ಎಕ್ಕವಲ್ಲ, ರಾಜನಲ್ಲ,
ಆದರೆ ಮೂರೂ ಎಂಟು.
ಹದಿನೇಳು ವರ್ಷ ಬುಟ್ಟಿ ಹೊತ್ತವಳು ನಾನು,
ಇಂಥ ಕೈ ಎಷ್ಟು ಸಲ ಬರುತ್ತದೆಂದು ಬಲ್ಲೆ.

ಎರಡು ರೂಪಾಯಿ ಚಾಲ್ ನಡೆಯುತ್ತಿದೆ.
ಈಗ ನಾಲ್ಕು ಹಾಕಿದರೆ ಆಲ್ಬಿ ಓಡುತ್ತಾನೆ;
ಟೆಂಪೋದ ಬಡ್ಡಿ ಕಟ್ಟುವವನು,
ಏರುವ ಯಾವುದನ್ನೂ ಕಂಡರಾಗದು ಅವನಿಗೆ.
ತಾರಾನಾಥ ಏಲಂ ಕೂಗುವವನು,
ಬೇರೆಯವರ ದುಡ್ಡು ಏರಿಸಿಯೇ ಗಂಟಲು ಹರಿದುಕೊಂಡವನು,
ತನ್ನ ನಾಲ್ಕು ರೂಪಾಯಿಗೆ ಬೆವರುತ್ತಾನೆ.
ಬಿಜಯ್ ಎಲೆ ನೋಡುವುದೇ ಇಲ್ಲ.
ಬಲೆ ಎಳೆಯುವ ಹುಡುಗ, ಊರು ಒಡಿಶಾ,
ಬ್ಲೈಂಡ್ ಎಂಬ ಒಂದು ಮಾತಿನಲ್ಲಿ ರಾತ್ರಿ ಕಳೆಯುತ್ತಾನೆ.
ಇನ್ನು ಇದಿನಬ್ಬ, ಐಸು ಒಡೆಯುವವ.
ಅವನನ್ನು ಹೆದರಿಸಿ ಓಡಿಸಿದವರು ಈ ಬಂದರಿನಲ್ಲಿ ಇಲ್ಲ.

ಹಾಗಾಗಿ ಮೊದಲ ಸುತ್ತು ಎರಡೇ ಹಾಕಿದೆ.
ಗೋಣಿಯ ಮೇಲೆ ನಾಣ್ಯ ಬಿದ್ದರೆ ಸದ್ದಾಗುವುದಿಲ್ಲ.

ಒಮ್ಮೆ ಮಾಂಜಿ ರಾಶಿಯ ಮುಂದೆ ಹೀಗೇ ಕಾದಿದ್ದೆ,
ಏರಲಿ, ಎಲ್ಲರೂ ಸುಸ್ತಾಗಲಿ, ಕೊನೆಗೆ ನಾನು ಎಂದು.
ಹೋಟೆಲಿನವನು ಮೊಬೈಲಿನಿಂದ ಮುಖ ಎತ್ತದೆ
ಒಂದೇ ಬೆರಳು ಎತ್ತಿದ, ಮುಗಿಯಿತು.
ಇನ್ನೊಂದು ದಿನ, ಆ ಉರಿಯಲ್ಲಿ,
ಮೊದಲ ಕೂಗಿಗೇ ಸಾವಿರ ಏರಿಸಿದೆ.
ಎಲ್ಲರೂ ಹಿಂದೆ ಸರಿದರು, ಕೈ ಕಟ್ಟಿ ನಕ್ಕರು.
ರಾಶಿ ನನ್ನದಾಯಿತು.
ಸಂಜೆ ಕಂಕನಾಡಿಯಲ್ಲಿ ಅರ್ಧ ಬೆಕ್ಕಿಗೆ ಹಾಕಿದೆ.

ಕಾದರೂ ಕೆಟ್ಟೆ, ಏರಿಸಿದರೂ ಕೆಟ್ಟೆ.
ಆದರೆ ಎರಡು ರೂಪಾಯಿಯ ಆಟದಲ್ಲಿ
ಮನುಷ್ಯ ಬೇಗ ಎದ್ದು ಹೋಗುವುದಿಲ್ಲ.
ಇನ್ನೊಬ್ಬರ ಕೈಯಲ್ಲಿ ಏನಿತ್ತೆಂದು ತಿಳಿಯದೆ ಮಲಗಲು
ಅವನಿಗೆ ಎರಡು ರೂಪಾಯಿಗಿಂತ ಹೆಚ್ಚು ಖರ್ಚಾಗುತ್ತದೆ.

ಎರಡನೇ ಸುತ್ತು. ನಾಲ್ಕು ಇಟ್ಟೆ.
ಆಲ್ಬಿ ಎಲೆ ಎಸೆದ. ತಾರಾನಾಥ ಕೆಮ್ಮಿ ಎಸೆದ.
ಬಿಜಯ್ ಮೊದಲ ಬಾರಿಗೆ ಎಲೆ ನೋಡಿ
ಯಾಕಾದರೂ ನೋಡಿದೆನೋ ಎಂಬಂತೆ ಮಡಚಿಟ್ಟ.
ಇದಿನಬ್ಬ ನಾಲ್ಕು ನಾಣ್ಯ ಒಂದೊಂದೇ ಎಣಿಸಿ
'ಶೋ' ಅಂದ. ಅವನದು ಐದರ ಜೋಡಿ.

"ಐದರ ಜೋಡಿಗೆ ಶೋ ಕೇಳುತ್ತೀಯಾ, ಮಾರಾಯ?"
"ನಿನ್ನ ಹತ್ತಿರ ಉಂಟೆಂದು ಗೊತ್ತಿತ್ತು ಜಲಜಕ್ಕ.
ಏನುಂಟೆಂದು ನೋಡಬೇಕಿತ್ತು."
"ಗೊತ್ತಿತ್ತಾ? ಹೇಗೆ?"
"ಒಳ್ಳೆ ಎಲೆ ಬಂದರೆ
ನೀನು ನಮ್ಮನ್ನು ಬೈಯುವುದು ನಿಲ್ಲಿಸುತ್ತಿ."

ಗೋಣಿಯ ಮೇಲೆ ಇಪ್ಪತ್ತೊಂಬತ್ತು ರೂಪಾಯಿ.
ನಾನು ಹಾಕಿದ ಏಳು ಕಳೆದರೆ ಇಪ್ಪತ್ತೆರಡು.
ಗೆದ್ದವರೇ ಚಾ ಕೊಡಿಸಬೇಕು: ಐದು ಚಾ, ಐವತ್ತು.

ಅಷ್ಟರಲ್ಲಿ ಅಳಿವೆ ಕಡೆಯಿಂದ ಹಾರ್ನ್ ಕೇಳಿತು.
ಬಿಜಯ್ ಹಗ್ಗ ಹಿಡಿಯಲು ಓಡಿದ.
ತಾರಾನಾಥ ತಲೆಗೆ ಬೈರಾಸು ಸುತ್ತಿ
ಬೇರೆಯೇ ಮನುಷ್ಯನಾಗಿ ರಾಶಿಯ ಮುಂದೆ ನಿಂತ.
ಅಂಜಲ್. ಕಿವಿರು ಇನ್ನೂ ಕೆಂಪು,
ಕಣ್ಣು ಈಗ ತಾನೆ ತೊಳೆದ ಗಾಜು.
ಇಂದು ಕುಲಶೇಖರದಲ್ಲಿ ಎರಡು ಮದುವೆ ಉಂಟು.
ಈ ರಾಶಿ ನನಗೆ ಬೇಕೇ ಬೇಕು.

ಹೋಟೆಲಿನವನು ನನ್ನ ಮುಖ ನೋಡಿದ.

ನಾನು ಇದಿನಬ್ಬನ ಐಸನ್ನು ಬೈದೆ,
ಆಲ್ಬಿಯ ಟೆಂಪೋದ ಹೊಗೆಯನ್ನು ಬೈದೆ,
ಕಾಗೆಗಳನ್ನು, ಕೊಳೆತ ಮೀನು ತರುವ ಈಗಿನ ಬೋಟುಗಳನ್ನು,
ಈ ಅಂಜಲಿನ ಹೆತ್ತ ತಾಯಿಯನ್ನು ಬೈದೆ,
ಬೈಯುತ್ತ ಬೈಯುತ್ತ
ಒಂದು ಹೆಜ್ಜೆ ಮುಂದೆ ಇಟ್ಟೆ.