ಹೊಟ್ಟೆಗೆ ಹಾಕಿಕೊಂಡದ್ದು

ಗ್ರಿಮ್ಸ್‌ಬಿ, ನವೆಂಬರ್. ನಾಲ್ಕಕ್ಕೇ ಕತ್ತಲು.
ಮೀನುಕಟ್ಟೆಯ ವಾಸನೆ ಕಿಟಕಿಯವರೆಗೆ ಬಂದು ನಿಲ್ಲುತ್ತದೆ,
ಒಳಗೆ ಫಾರ್ಮಲಿನ್ ಇದೆ, ಬರಲಾರದು.

ಮೇಣದಲ್ಲಿ ಹೂತ ಅಪೆಂಡಿಕ್ಸು.
ಹನ್ನೊಂದರ ಹುಡುಗನದು,
ಲೌತ್ ಕಡೆಯ ಹಂದಿ ಸಾಕುವ ಮನೆ.
ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು
ಬಿಸಿನೀರಲ್ಲಿ ತೇಲಿಸಿ
ಗಾಜಿಗೆ ಎತ್ತಿಕೊಂಡೆ, ಕೆನೆ ಎತ್ತುವ ಹಾಗೆ.

ಬಣ್ಣ ಹಾಕಿ ನೋಡಿದರೆ
ಏನೂ ಆಗಿಲ್ಲ ಇದಕ್ಕೆ.
ಪಕ್ಕದ ಮನೆಯ ಜಗಳಕ್ಕೆ
ಪೊಲೀಸರು ಹಿಡಿದೊಯ್ದದ್ದು ಇದನ್ನು, ಪಾಪ.

ಜಗಳ ನಡೆದದ್ದು ಸಣ್ಣಕರುಳಿನ ಕೊನೆಯಲ್ಲಿ.
ಜೊತೆಗೆ ಬಂದ ಗ್ರಂಥಿಯೊಂದು, ಅವರೆಕಾಳಿನಷ್ಟು,
ಊದಿಕೊಂಡು ಎಲ್ಲವನ್ನೂ ಬಾಯಿಬಿಡುತ್ತದೆ.
ಕೆಳಮಹಡಿಯವರು ತಟ್ಟೆಯಲ್ಲಿ ಬೆಳೆಸಿ,
ನಡುವೆ ಕುಂಕುಮದ ಬೊಟ್ಟು ಕಂಡು
ನಿನ್ನೆಯೇ ಹೆಸರು ಹೇಳಿದರು.

ಕರುಳಿನದು ವಿಚಿತ್ರ ಪದ್ಧತಿ.
ಲೋಳೆ ಹಾಸುತ್ತದೆ, ಸಂದು ಬಿಗಿಯುತ್ತದೆ,
ಆದರೂ ಪೂರ್ತಿ ಮುಚ್ಚುವುದಿಲ್ಲ.
ಅಲ್ಲೊಂದು ಇಲ್ಲೊಂದು ಕೋಶ
ಬೇಕೆಂದೇ ಚಿಲಕ ತೆಗೆದಿಟ್ಟಿರುತ್ತದೆ:
ಬಾ, ಮುಖ ತೋರಿಸು.
ಒಳಗೆ ಕೂತವರು ನೋಡುತ್ತಾರೆ.
ಮೊಸರಿನ ಪೈಕಿಯವನೋ? ಸರಿ, ಇರು.
ಅನ್ನದ ತುಣುಕೋ? ಹೋಗು.

ಇವನು ಮಾತ್ರ ಆ ಚಿಲಕವನ್ನೇ ಹುಡುಕಿ ಬಂದವನು.
ಚಳಿಗೆ ಬೆಳೆಯುವವನು,
ಫ್ರಿಜ್ಜೂ ಅವನಿಗೆ ತವರು.

ಆಮೇಲೆ ಜ್ವರ, ಬಿಳಿಕಣಗಳ ರಾಶಿ,
ಮಗು ಮಂಡಿ ಮಡಚಿ ಅತ್ತ ಮೂರು ರಾತ್ರಿ.
ಒಳಗೋಡೆಯ ಕೋಶಗಳ ಆಯಸ್ಸೇ ನಾಲ್ಕೈದು ದಿನ.
ಅಷ್ಟರಲ್ಲೇ
ಅಂಟಿದವನನ್ನು ಅಪ್ಪಿಕೊಂಡೇ ಉದುರಿದವು.
(ಇದು ಗಾಜಿನಲ್ಲಿ ಕಾಣದು. ನನ್ನ ಊಹೆ.)
ಒಂದಕ್ಕೂ ವೀರಗಲ್ಲಿಲ್ಲ.

ಗ್ಲೆನಿಸ್ ಚಹಾ ತಂದಳು. ನಾರ್ಮಲ್ಲಾ, ಎಂದಳು.
ಅಪೆಂಡಿಕ್ಸ್ ನಾರ್ಮಲ್, ಎಂದೆ.
ವರದಿ ಬರೆಯುವುದು ಡಾಕ್ಟರು, ನಾನು ಬರೀ ಕೊಯ್ಯುವವಳು.
ಅವಳಿಗೆ ಹೇಗೆ ಹೇಳಲಿ,
ಕ್ಷಮಿಸು ಎನ್ನುವುದಕ್ಕೆ ನಮ್ಮಲ್ಲಿ
ಹೊಟ್ಟೆಗೆ ಹಾಕಿಕೋ ಎನ್ನುತ್ತೇವೆ.

ಸೋದರತ್ತೆ ಶಿವಲಿಂಗವ್ವ
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವಳು.
ಬಂದವರಿಗೆಲ್ಲ ರೊಟ್ಟಿ, ಬೈದವರಿಗೂ ಮಜ್ಜಿಗೆ.
ಒಂದೇ ಸಲ, ಒಬ್ಬನ ಮುಖ ನೋಡಿದ್ದೇ
ತಾಟು ಎಸೆದು ಹೊಸ್ತಿಲಾಚೆ ನಿಲ್ಲಿಸಿದಳು.
ಆ ವಾರ ಮನೆಯಿಡೀ ಜ್ವರ ಬಂದವರಂತಿತ್ತು.
ಯಾರು, ಏನು, ನಾವು ಮಕ್ಕಳು ಕೇಳಲಿಲ್ಲ.
ಅವಳಿಗೆ ಗೊತ್ತಿತ್ತು.

ಹುಡುಗ ಇವತ್ತು ಮನೆಗೆ ಹೋದನಂತೆ.
ಟೋಸ್ಟ್ ಕೇಳಿ ತಿಂದನಂತೆ, ಎರಡು.

ಗಾಜಿಗೆ ಚೀಟಿ ಅಂಟಿಸಿ, ನಂಬರು ಬರೆದು,
ಟ್ರೇಯಲ್ಲಿಡುವ ಮುಂಚೆ
ಸುಮ್ಮನೆ ಇನ್ನೊಮ್ಮೆ ಕಣ್ಣಿಟ್ಟೆ.
ತಪ್ಪೇ ಮಾಡದ್ದು, ನೋಡಿ,
ಎಷ್ಟು ಚಂದದ ನೇರಳೆ.